ಮೂರನೆಯ ಪುಸ್ತಕದ ರಟ್ಟು

ಹಳೇ ಹುಬ್ಬಳ್ಳಿಯ ನಮ್ಮ ರದ್ದಿ ಅಂಗಡಿಗೆ ಪುಸ್ತಕ ಬಂದರೆ ಮೊದಲು ಮಾಡುವ ಕೆಲಸ ಅದರ ರಟ್ಟು ಕೀಳುವುದು. ರಟ್ಟು ಒಂದು ಚೀಲಕ್ಕೆ, ಒಳಗಿನ ಬಿಳಿ ಕಾಗದ ಇನ್ನೊಂದು ಚೀಲಕ್ಕೆ. ಎರಡನ್ನೂ ಕೊಳ್ಳುವವರು ಬೇರೆ ಬೇರೆ, ಎರಡೂ ಹೋಗುವ ಕಾರ್ಖಾನೆ ಬೇರೆ ಬೇರೆ. ಎಡಗೈಯಲ್ಲಿ ಪುಸ್ತಕದ ಬೆನ್ನು ಹಿಡಿದು ಬಲಗೈಯಲ್ಲಿ ಎಳೆದರೆ ಪರ್ ಎಂದು ಬಂದುಬಿಡುತ್ತದೆ. ಏಳನೆಯ ಇಯತ್ತೆ ಮುಗಿಸಿ ಅಪ್ಪನ ಪಕ್ಕದಲ್ಲಿ ಕುಳಿತಾಗ ಅವನು ನನಗೆ ಕಲಿಸಿದ ಮೊದಲ ಕೆಲಸ ಅದು. ಕೆಲವು ದಿನಗಳಲ್ಲೇ ಕಣ್ಣು ಬೇರೆ ಕಡೆ ಇದ್ದರೂ ಕೈ ತನ್ನಷ್ಟಕ್ಕೆ ತಾನೇ ಕೀಳುತ್ತಿತ್ತು.

ನನ್ನ ತಂಗಿ ಮಾತ್ರ ಓದಿದಳು. ಧಾರವಾಡದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಇಂಗ್ಲಿಷ್ ಸುಧಾರಿಸಬೇಕಾದರೆ ಕಥೆ ಪುಸ್ತಕ ಓದಿರಿ ಎಂದು ಅಲ್ಲಿ ಯಾರೋ ಹೇಳಿದರಂತೆ. ಅಂದಿನಿಂದ ನನಗೊಂದು ಅಪ್ಪಣೆಯಾಯಿತು: "ಯಣ್ಣಾ, ಇಂಗ್ಲೀಷ್ ಕಥಿ ಪುಸ್ತಕ ಬಂದರ ಹರೀಬ್ಯಾಡ. ನನಗ ತಂದ ಕೊಡು."

"ಅದು ಕಥೀನೋ ಗಣಿತೋ ನನಗ ಹೆಂಗ ಗೊತ್ತಾಗಬೇಕು?"

"ಮ್ಯಾಲೆ ಚಿತ್ರ ಛಲೋ ಇದ್ದರ ಕಥಿ. ಚಿತ್ರ ಇಲ್ಲಂದರ ಗಣಿತ."

ಹಾಗೆ ರಟ್ಟು ನೋಡಿ ನಾನು ಪುಸ್ತಕ ಎತ್ತಿಡುವುದನ್ನು ಕಲಿತೆ. ಒಂದು ಮಳೆಗಾಲದಲ್ಲಿ ಕೇಶ್ವಾಪುರದ ಕಡೆ ಗಾಡಿ ತಳ್ಳುವವನು ತಂದ ರದ್ದಿಯಲ್ಲಿ ಎರಡು ಪುಸ್ತಕಗಳು ಒಂದೇ ಸುತಳಿಯಲ್ಲಿ ಕಟ್ಟಿದ್ದವು. ಒಂದರ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದೊಂದು ನೀರಿನ ಹನಿ, ಇನ್ನೊಂದರ ಮೇಲೆ ಅದೇ ಹನಿ ಹಸಿರು ಬಣ್ಣದಲ್ಲಿ, ನಡುವೆ ಸಣ್ಣ ಬಿರುಕು. ಚಿತ್ರ ಛಲೋ ಇತ್ತು. ಮನೆಗೆ ಒಯ್ದೆ.

ಅದು ಮೂರು ಪುಸ್ತಕಗಳ ಕಥೆ. ಓದಿದಷ್ಟನ್ನು ತಂಗಿ ಸಂಜೆ ರೊಟ್ಟಿ ಬಡಿಯುವಾಗ ನಮಗೆ ಹೇಳುತ್ತಿದ್ದಳು. ಮುಂದೆಂದೋ ಬರುವ ಕಾಲ. ಸುತ್ತ ಗೋಡೆ ಇರುವ ಒಂದು ಊರು. ಗೋಡೆಯ ಆಚೆ ವಿಷದ ಧೂಳು ಇದೆ ಎಂದು ಎಲ್ಲರನ್ನೂ ನಂಬಿಸಿದ್ದಾರೆ. ಊರನ್ನು ಆಳುವ ಮಂಡಳಿಯವರು ಪ್ರತಿ ಮನೆಗೆ ಇಷ್ಟೇ ನೀರು ಎಂದು ಅಳೆದು ಕೊಡುತ್ತಾರೆ. ಹದಿನೆಂಟು ತುಂಬಿದ ಹುಡುಗಿಗೆ ಇಂಥವನೇ ಗಂಡ ಎಂದು ಅವರೇ ಗೊತ್ತು ಮಾಡುತ್ತಾರೆ. ಕಥೆಯ ಹುಡುಗಿಗೆ ಗೊತ್ತಾದವನು ಕಾಲುವೆ ಕಾಯುವ ಒಬ್ಬ ಮೌನಿ. ಅವಳು ಪ್ರೀತಿಸಿದವನು ಗೋಡೆ ಹತ್ತುವ ಇನ್ನೊಬ್ಬ.

ಅವ್ವ ಹಂಚಿನ ಮೇಲೆ ರೊಟ್ಟಿ ತಿರುವುತ್ತ ಕೇಳಿದಳು. "ಇದರಾಗ ಹೊಸಾದೇನೈತಿ? ನೀರೂ ಅವರು ಬಿಟ್ಟಾಗ ಬರತೈತಿ, ಗಂಡನ್ನೂ ಅವರ ತೋರಸ್ತಾರ. ಇದನ್ನ ಬರಿಯಾಕ ಇಂಗ್ಲೀಷ್ ಯಾಕ ಬೇಕಾಗಿತ್ತು?"

"ಯವ್ವಾ, ಇದು ಇನ್ನೂ ಬರದ ಕಾಲದ ಕಥಿ. ಮುಂದ ಹಿಂಗಾದರ ಹೆಂಗ ಅಂತ ಹೆದರಸೂ ಕಥಿ."

"ಹೆದರಾಕ ಅಷ್ಟು ದೂರ ಯಾಕ ಹೋಗಬೇಕು? ನಾಳೆ ನಳಾ ಬರೂ ದಿನ. ಮೊದಲ ಆ ಕೊಡಪಾನ ತೊಳದಿಡು."

ತಂಗಿ ನಕ್ಕು ಎದ್ದು ಹೋಗಿ ಕೊಡ ತೊಳೆದಳು. ನಮ್ಮ ಓಣಿಗೆ ನೀರು ವಾರಕ್ಕೊಮ್ಮೆ ಬರುತ್ತಿತ್ತು, ಅದೂ ಬಂದರೆ.

ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಆ ಪುಸ್ತಕಗಳನ್ನು ನಾನೂ ತಿರುವಿ ನೋಡುತ್ತಿದ್ದೆ. ಅವುಗಳ ಅಂಚಿನ ತುಂಬ ಪೆನ್ಸಿಲ್‌ನಿಂದ ಕನ್ನಡದಲ್ಲಿ ಬರೆದಿತ್ತು. ಮೊದಲು ಅದನ್ನು ಓದಿದ ಯಾರೋ ಹುಡುಗಿ ಬರೆದದ್ದು. ಅವಳು ಪುಸ್ತಕದ ಜೊತೆ ಜಗಳ ಆಡುತ್ತಿದ್ದಳು. ಗೋಡೆ ಹತ್ತುವವನು ಏನೋ ದೊಡ್ಡ ಮಾತು ಆಡಿದ ಕಡೆ, "ಬರೇ ಬಾಯಿ." ಹುಡುಗಿ ಅತ್ತ ಕಡೆ, "ಅಳಬ್ಯಾಡ, ಎದ್ದು ಹೋಗು." ಮಂಡಳಿಯ ಒಬ್ಬ ಮುದುಕಿ ಬುದ್ಧಿ ಹೇಳುವ ಪುಟದಲ್ಲಿ, "ಥೇಟ್ ನಮ್ಮ ಸೋದರತ್ತಿ." ಆ ಕಾದಂಬರಿಯಲ್ಲಿ ನಾನು ಓದಿದ್ದೆಂದರೆ ಇಷ್ಟೇ. ನನಗೆ ಸಾಕಾಗಿತ್ತು.

ತಂಗಿಗೆ ಅವಳು ಗೆಳತಿಯೇ ಆದಳು. "ಆಕಿ ಇಲ್ಲಿ ಬೈದಾಳ ನೋಡು" ಎನ್ನುವಳು. ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಗಾಡಿಯವನನ್ನು ಕೇಳಿದರೆ, "ಕೇಶ್ವಾಪುರದಾಗ ನಾ ಹೋಗದ ಮನಿ ಯಾವುದೈತ್ರಿ?" ಎಂದ. ಎರಡನೆಯ ಪುಸ್ತಕದ ಕೊನೆಯ ಪುಟದಲ್ಲಿ, ಕಥೆ ಮುಗಿದ ಕೆಳಗೆ, ಆ ಹುಡುಗಿ ಬರೆದಿದ್ದಳು: "ಮೂರನೇದು ಓದಿ ಮುಗಿಸಿ ಮನ್ಯಾಗ ಉತ್ತರ ಹೇಳ್ತೇನಿ. ಅಲ್ಲೀತನಕ ಯಾರೂ ಕೇಳಬ್ಯಾಡ್ರಿ." ಅವಳಿಗೂ ಎಲ್ಲೋ ಗಂಡು ಗೊತ್ತು ಮಾಡುತ್ತಿದ್ದರು ಎಂದು ಅದರಿಂದ ನಮಗೆ ತಿಳಿಯಿತು.

ಅದೇ ಚಳಿಗಾಲ ನಮ್ಮ ಮನೆಗೂ ಮಾತು ಬಂತು. ಧಾರವಾಡದ ಹತ್ತಿರದ ಗರಗ ಎಂಬ ಊರಿನ ಮನೆತನ. ಹೊಲ ಇತ್ತು, ಹುಡುಗ ಧಾರವಾಡದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ಶಾಂತ ಸ್ವಭಾವ. ಕೆಟ್ಟದ್ದು ಹೇಳಲು ಏನೂ ಇರಲಿಲ್ಲ. ತಂಗಿಗೆ ಎಂ.ಎ. ಓದುವ ಆಸೆ. ಎರಡು ವರ್ಷ ತಡೆಯಿರಿ ಎಂದಳು. ಅವರು ತಡೆಯುವ ಹಾಗಿರಲಿಲ್ಲ. ತಂಗಿ ಹೂಂ ಅನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ. ಒಂದು ದಿನ ಎರಡನೆಯ ಪುಸ್ತಕ ತೆರೆದಾಗ ಆ ಹುಡುಗಿಯ ಸಾಲಿನ ಕೆಳಗೆ ತಂಗಿಯ ಅಕ್ಷರ ಕಂಡೆ. "ನಾನೂ."

"ಏನಿದು?" ಎಂದು ಕೇಳಿದೆ.

"ಮೂರನೇದು ಬರಲಿ. ಆಕಿ ಏನ್ ಮಾಡಿದಳು ನೋಡೂನು. ಆಮ್ಯಾಲೆ ನಾನೂ ಹೇಳ್ತೇನಿ."

"ದೇಶಪಾಂಡೆ ನಗರದಾಗ ಹೊಸಾದು ಸಿಗತೈತಿ. ತಂದ ಕೊಡ್ಲ್ಯಾ?"

"ಹೊಸಾದರಾಗ ಆಕಿ ಎಲ್ಲಿರ್ತಾಳ ಯಣ್ಣಾ? ಕಥಿ ತಿಳಕೊಳ್ಳಾಕಾದರ ಫೋನಿನ್ಯಾಗ ನೋಡ್ತಿದ್ದೆ. ನನಗ ಆಕಿದ ಬೇಕು. ಎರಡು ಬಂದಾವು, ಮೂರನೇದೂ ಬರತೈತಿ. ಕೆಂಪು ರಟ್ಟು, ಹನಿ ಒಡದು ಎರಡಾಗಿರತೈತಿ. ಎರಡನೇದರ ಹಿಂದ ಚಿತ್ರ ಹಾಕ್ಯಾರ, ನೋಡಿಟಗೋ."

ನೋಡಿಟ್ಟುಕೊಂಡೆ. ಆದರೆ ಅವಳು ತಡ ಮಾಡಿದಷ್ಟೂ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ನನಗೂ ಒಂದು ಕಡೆ ಹುಡುಗಿ ಗೊತ್ತಾಗಿದ್ದಳು. ನಮ್ಮಲ್ಲಿ ತಂಗಿಯನ್ನು ಮನೆಯಲ್ಲಿ ಇಟ್ಟುಕೊಂಡು ಅಣ್ಣ ಬಾಸಿಂಗ ಕಟ್ಟುವುದಿಲ್ಲ. ಆ ಹುಡುಗಿಯ ಮನೆಯವರು ಎಷ್ಟು ದಿನ ಕಾಯುತ್ತಾರೆ? ಇದನ್ನು ನಾನು ತಂಗಿಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಮುಗಿಯುತ್ತಿತ್ತು.

ಒಂದು ದಿನ ಮಧ್ಯಾಹ್ನ ಗರಗದ ಹಿರಿಯರು ಫೋನ್ ಮಾಡಿದರು. ನಾನು ರದ್ದಿಯ ರಾಶಿಯ ಮುಂದೆ ಕುಳಿತಿದ್ದೆ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು ಮಾತಾಡುತ್ತ ಕೆಲಸ ನಡೆಸಿದ್ದೆ.

"ಏನಂತಾಳಪಾ ನಿಮ್ಮ ತಂಗಿ?"

"ಒಲ್ಲೆ ಅಂದಿಲ್ರಿ ಕಾಕಾರ. ವಿಚಾರ ಮಾಡಾಕತ್ತಾಳ್ರಿ."

"ವಿಚಾರ ಮಾಡಾಕ ನಾವೇನ್ ವಕೀಲಕಿ ಕೇಳೇವೇನು? ಶಿವರಾತ್ರಿ ಒಳಗ ಹೂಂ ಅನಸು. ಮುಂದಿಂದು ನಾವು ನೋಡಕೋತೀವಿ."

"ಅನಸ್ತೇನ್ರಿ. ಖರೇನ ಅನಸ್ತೇನ್ರಿ."

ಸಂಜೆ ರಟ್ಟಿನ ಚೀಲದ ಬಾಯಿ ಕಟ್ಟಲು ಹೋದಾಗ ಮೇಲೆಯೇ ಕೆಂಪು ಕಂಡಿತು. ಒಡೆದು ಎರಡಾದ ಹನಿ. ಎತ್ತಿ ನೋಡಿದೆ. ಬೆನ್ನಿನ ಅಂಟಿಗೆ ಕಾಗದದ ಸಣ್ಣ ಚೂರೊಂದು ಅಂಟಿತ್ತು, ಅದರ ಮೇಲೆ ಏನೂ ಇರಲಿಲ್ಲ. ಬಿಳಿ ಕಾಗದದ ಚೀಲಗಳಿಗಾಗಿ ತಿರುಗಿ ನೋಡಿದೆ. ಆ ಮೂಲೆ ಖಾಲಿಯಾಗಿತ್ತು. ನಾನು ಚಹಾ ಕುಡಿಯಲು ಹೋದಾಗ ಲಾರಿ ಬಂದು ತುಂಬಿಕೊಂಡು ಹೋಗಿತ್ತು. ಅಪ್ಪನೇ ತುಂಬಿಸಿ ಕಳಿಸಿದ್ದ.

ಆ ಹೊತ್ತಿಗೆ ಮನೆಗೆ ಹೋಗಿ, "ತಪ್ಪಾತವಾ, ಹರದಬಿಟ್ಟೆ" ಅನ್ನಬಹುದಿತ್ತು. ಅವಳು ಅಳುತ್ತಿದ್ದಳು, ಬೈಯುತ್ತಿದ್ದಳು, ಅಷ್ಟೇ. ನಾನು ಆ ರಟ್ಟನ್ನು ತಕ್ಕಡಿ ಇಡುವ ಹಲಗೆಯ ಕೆಳಗೆ ತಳ್ಳಿದೆ. ಮೂರನೆಯದು ಇನ್ನು ಬರುವುದಿಲ್ಲ, ಬರದಿದ್ದರೆ ಅವಳು ಉತ್ತರ ಹೇಳುವುದಿಲ್ಲ. ಆಗ ನನ್ನ ತಲೆಯಲ್ಲಿ ಓಡಿದ ಲೆಕ್ಕ ಅದೊಂದೇ.

ಮರುದಿನ ದೇಶಪಾಂಡೆ ನಗರದ ಪುಸ್ತಕದ ಅಂಗಡಿಗೆ ಹೋದೆ. ಹೊಸ ಪುಸ್ತಕ ಕೊಳ್ಳಲು ನಾನು ಅಂಥ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹನಿಯ ಚಿತ್ರ ಹೇಳಿದೆ, ಕೊಟ್ಟರು. ಹೊಸ ಪುಸ್ತಕವನ್ನು ಹಳೆಯದು ಮಾಡುವುದು ರದ್ದಿಯವನಿಗೆ ಕಷ್ಟವಲ್ಲ. ಅಂಗಡಿಯ ಚೀಟಿಯನ್ನು ಸೀಮೆಎಣ್ಣೆ ಹಚ್ಚಿ ತೆಗೆದೆ. ಬೆನ್ನನ್ನು ಅಲ್ಲಲ್ಲಿ ಮುರಿದೆ. ಅಂಚಿಗೆ ಚಹಾ ಸವರಿ ಬಿಸಿಲಿಗೆ ಇಟ್ಟೆ, ಆಮೇಲೆ ಎರಡು ದಿನ ತೂಕದ ಕಲ್ಲುಗಳ ಕೆಳಗೆ ಇಟ್ಟೆ. ನಡುವೆ ಒಂದು ಹಳೆಯ ಬಸ್ ಟಿಕೀಟನ್ನೂ ಸೇರಿಸಿದೆ. ಪೆನ್ಸಿಲ್‌ನಿಂದ ಏನಾದರೂ ಬರೆಯೋಣವೇ ಅಂದುಕೊಂಡೆ. ಆದರೆ ಇಂಗ್ಲಿಷ್ ಕಥೆಯಲ್ಲಿ ಯಾವ ಪುಟದಲ್ಲಿ ಬೈಯಬೇಕು, ಯಾವ ಪುಟದಲ್ಲಿ ನಗಬೇಕು ಎಂದು ನನಗೆ ಹೇಗೆ ಗೊತ್ತಾಗಬೇಕು?

ಕೊಟ್ಟಾಗ ತಂಗಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಮೊದಲು ಕಥೆ ನೋಡಲಿಲ್ಲ. ಅಂಚು ನೋಡಿದಳು. ಒಂದೊಂದೇ ಪುಟ ಬೆಳಕಿಗೆ ಹಿಡಿದು ತಿರುವುತ್ತ ಕೊನೆಯವರೆಗೂ ಹೋದಳು. ಅವಳ ಮುಖ ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ಸುಮ್ಮನೆ ಕೈಕಾಲು ತೊಳೆದೆ.

ಓದಿ ಮುಗಿಸಿದ ದಿನ ಅವಳೇ ಅಡುಗೆಮನೆಯಲ್ಲಿ ಕಥೆಯ ಕೊನೆ ಹೇಳಿದಳು. ಗೋಡೆ ಬೀಳುತ್ತದೆಯಂತೆ. ಆಚೆ ವಿಷದ ಧೂಳು ಇರಲಿಲ್ಲ, ಬರೀ ಮಾಮೂಲಿ ಬಯಲು. ಗೋಡೆ ಹತ್ತುವವನು ಊರಿನ ಮುಖಂಡನಾಗುತ್ತಾನೆ, ಸ್ವಲ್ಪ ದಿನಕ್ಕೆ ಅವನೇ ನೀರು ಅಳೆದು ಕೊಡಲು ಶುರು ಮಾಡುತ್ತಾನೆ. ಹುಡುಗಿ ಅವನನ್ನು ಬಿಡುತ್ತಾಳೆ. ಕಾಲುವೆಯ ತೂಬು ತೆಗೆದು ಎಲ್ಲರಿಗೂ ನೀರು ಹರಿಸಿದವನು ಆ ಮೌನಿ, ಮಂಡಳಿ ಗೊತ್ತು ಮಾಡಿದ್ದವನು. ಕಡೆಗೆ ಅವಳು ಅವನ ಮನೆಗೇ ಹೋಗುತ್ತಾಳೆ.

"ಹಂಗಾದರ ಹಿರ್ಯಾರು ತೋರಿಸಿದವನ ಛಲೋ ಇದ್ದ ಅಂದಂಗಾತು," ಎಂದು ಅವ್ವ ಸಮಾಧಾನದಿಂದ ರೊಟ್ಟಿ ಇಳಿಸಿದಳು.

ತಂಗಿ ನನ್ನ ಕಡೆ ತಿರುಗಿದಳು. "ಆಕಿ ಇದ್ದಿದ್ದರ ಇಲ್ಲಿ ಬೈತಿದ್ದಳೋ, ಹೌದು ಅಂತಿದ್ದಳೋ. ಒಂದು ಅಕ್ಷರಾನೂ ಬರದಿಲ್ಲ ಯಣ್ಣಾ. ಯಾಕ ಬರೀಲಿಲ್ಲ?"

ಆಗ ನಾನು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಹೂಂ ಅಂದಿರಬೇಕು. ಲಗ್ನ ಆಗಿ ಹೋಗಿರಬೇಕು. ಅದಕ್ಕ ಮನಿಯವರು ಪುಸ್ತಕ ರದ್ದಿಗೆ ಹಾಕ್ಯಾರ. ಸುಖದಾಗ ಇದ್ದಾಕಿ ಪೆನ್ಸಿಲ್ ಹಿಡಕೊಂಡು ಯಾಕ ಕುಂದರ್ತಾಳ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಒಲೆಯ ಕಡೆ ನೋಡಿದಳು. ಮರುದಿನ ಬೆಳಿಗ್ಗೆ ಅವ್ವನ ಮುಂದೆ ಹೂಂ ಅಂದಳು. ಅವಳ ಮದುವೆಯಾದ ವರ್ಷವೇ ನನ್ನದೂ ಆಯಿತು.

ಗರಗದ ಮನೆಯಲ್ಲಿ ಅವಳು ಕಷ್ಟದಲ್ಲಿ ಇಲ್ಲ. ಗಂಡ ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆ ಊರಿನ ಖಾದಿ ನೂಲುವ ಕೇಂದ್ರಕ್ಕೆ ಬರುವ ಹೆಂಗಸರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತಾಳೆ. ಎಂ.ಎ. ಮಾತು ಮೊದಲ ಎರಡು ಮೂರು ವರ್ಷ ಆಗಾಗ ಬಂತು, ಮಗಳು ಹುಟ್ಟಿದ ಮೇಲೆ ನಿಂತಿತು. ಆ ಮಗಳಿಗೆ, ನನ್ನ ಸೊಸೆಗೆ, ಈಗ ಶಾಲೆಗೆ ಹೋಗುವ ವಯಸ್ಸು. ಬಾಯಿ ಬಹಳ.

ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆತರುವುದು ನನ್ನ ಪಾಲಿನ ಕೆಲಸ. ಹೋದ ಪಂಚಮಿಗೂ ಹೋಗಿ ಕರೆತಂದೆ. ಊಟದ ಮೇಲೆ ನಡುಮನೆಯ ತೊಲೆಗೆ ಜೋಕಾಲಿ ಕಟ್ಟಿದ್ದೆ. ತಂಗಿ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮೆಲ್ಲಗೆ ತೂಗುತ್ತಿದ್ದಳು. ಅವ್ವ ಒಳಗೆ ಉಂಡಿಯ ಡಬ್ಬಿಗಳನ್ನು ಕಟ್ಟುತ್ತಿದ್ದಳು. ನಾನು ಗೋಡೆಗೆ ಒರಗಿ ಅಡ್ಡಾಗಿದ್ದೆ. ತಂಗಿ ಕಥೆ ಹೇಳುತ್ತಿದ್ದಳು. ಗೋಡೆಯ ಊರು, ಅಳೆದು ಕೊಡುವ ನೀರು, ಕಾಲುವೆ ಕಾಯುವವನು. ನನಗೆ ನಿದ್ದೆ ಹಾರಿಹೋಯಿತು. ಎರಡನೆಯ ಪುಸ್ತಕ ಮುಗಿಯುವ ಕಡೆ ಬಂದು ನಿಲ್ಲಿಸಿಬಿಟ್ಟಳು.

"ಮುಂದ?" ಎಂದಿತು ಹುಡುಗಿ.

"ಮುಂದಿಂದು ನಾ ಓದಿಲ್ಲ."

ನನಗೆ ತಡೆಯಲಾಗಲಿಲ್ಲ. "ಓದೀದಿ ಅಲ್ಲ? ನಾನ ತಂದ ಕೊಟ್ಟಿದ್ದೆ."

"ಅದು ಆಕಿದಲ್ಲ," ಎಂದಳು ತಂಗಿ. ಜೋಕಾಲಿ ತೂಗುತ್ತಲೇ ಇತ್ತು. "ಅದು ನಿಂದು. ಓದಾಕ ಕುಂತರ ಪುಟಾಪುಟಕ್ಕ ಶುಂಠಿ ವಾಸನಿ ಹೊಡೀತಿತ್ತು. ಶುಂಠಿ ಹಾಕಿದ ಚಾ ನಿಮ್ಮ ಅಂಗಡಿ ಮುಂದಿನವ ಮಾಡ್ತಾನ, ಕೇಶ್ವಾಪುರದಾಗಲ್ಲ."

ನಾನು ಎದ್ದು ಕುಳಿತೆ. "ಗೊತ್ತಿತ್ತಾ? ಮತ್ತ ಹೂಂ ಯಾಕ ಅಂದಿ?"

"ನೀ ಅಂಗಡಿ ಹೊಕ್ಕು ಇಂಗ್ಲೀಷ್ ಪುಸ್ತಕ ಕೊಂಡು, ಚಾದಾಗ ಅದ್ದಿ, ಟಿಕೀಟು ಬ್ಯಾರೆ ಇಟ್ಟಿ. ಇಷ್ಟೆಲ್ಲಾ ಮಾಡೀದಿ ಅಂದಮ್ಯಾಲೆ ನನ್ನ ಹೂಂ ನನಗಿಂತ ನಿನಗ ಬಾಳ ಬೇಕಾಗೇತಿ ಅಂತ ತಿಳೀತು. ಆಕಿದು ಬರಲೇ ಇಲ್ಲ, ಪಾಪ, ತಂಗೀನ್ನ ಕಾಯಿಸಬಾರದು ಅಂತ ಮಾಡ್ಯಾನ ಅನಕೊಂಡೆ." ಸ್ವಲ್ಪ ನಕ್ಕಳು. "ಟಿಕೀಟು ಹಳೇ ಹುಬ್ಬಳ್ಳಿದ ಇತ್ತಲ್ಲೋ ಯಣ್ಣಾ."

ಅಷ್ಟು ವರ್ಷ ಅವಳು ಅದನ್ನು ನನ್ನ ಪ್ರೀತಿ ಎಂದು ಇಟ್ಟುಕೊಂಡಿದ್ದಳು. ಸುಮ್ಮನಿದ್ದರೆ ಅದು ಹಾಗೇ ಉಳಿಯುತ್ತಿತ್ತು. ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ.

"ಆಕಿದು ಬಂದಿತ್ತು," ಎಂದೆ. "ನಾನ ಹರದೆ. ಗರಗದ ಕಾಕಾರ ಜೋಡಿ ಫೋನಿನ್ಯಾಗ ಮಾತಾಡಕೋತ ಹರದೆ. ಸಂಜಿಮುಂದ ರಟ್ಟು ನೋಡಿದಾಗ ಗೊತ್ತಾತು. ನಿನಗ ಹೇಳಲಿಲ್ಲ. ಲಗ್ನ ಆಗಿರಬೇಕು ಅಂತ ಅಂದೆ ನೋಡು, ಅದು ನಾನ ಹುಟ್ಟಿಸಿದ್ದು. ನನ್ನ ಲಗ್ನ ನಿಂತಿತ್ತು, ಅದಕ್ಕ."

ಅವಳು ಕಾಲು ಊರಿ ಜೋಕಾಲಿ ನಿಲ್ಲಿಸಿದಳು. ಹಗ್ಗ ಹಿಡಿದ ಕೈ ಹಾಗೇ ಇತ್ತು. ಬೈಯುತ್ತಾಳೆ ಎಂದು ಕಾದೆ.

"ಅದರಾಗ ಪೆನ್ಸಿಲ್ ಇತ್ತೇನು?"

"ನೋಡಲಿಲ್ಲ."

"ಒಂದು ಪುಟಾನೂ?"

"ಹರಿಯೂವಾಗ ಯಾರು ನೋಡ್ತಾರವಾ? ಕೈ ಹರೀತೈತಿ."

ಅವಳು ಹಗ್ಗ ಬಿಟ್ಟು ಮಗಳ ಕೂದಲು ಸರಿ ಮಾಡಿದಳು. ಆಮೇಲೆ ಅವಳ ಮುಖದಲ್ಲಿ ನಾನು ಎಣಿಸದಿದ್ದ ಒಂದು ಗೆಲುವು ಕಂಡಿತು. "ಹಂಗಾದರ ಆಕಿ ಏನೋ ಬರಕೊಂಡಿರಬೇಕು," ಎಂದಳು. "ಬರೀದ ಬಿಡೂವಾಕಿ ಅಲ್ಲ ಆಕಿ. ಖಾಲಿ ಪುಟ ಇದ್ದದ್ದು ನಿಂದು, ಆಕಿದಲ್ಲ."

ಗೆಲುವು ಬಹಳ ಹೊತ್ತು ನಿಲ್ಲಲಿಲ್ಲ. ಮಗಳನ್ನು ಕೆಳಗಿಳಿಸಿ ಎದ್ದು ಒಳಗೆ ಹೋದಳು. ಅವ್ವನ ಜೊತೆ ಉಂಡಿ ಕಟ್ಟಲು ಕುಳಿತಳು. ಸಂಜೆ ಚಹಾ ಕೊಟ್ಟಳು, ಲೋಟ ಕೈಗೆ ಕೊಡದೆ ನೆಲದ ಮೇಲೆ ಇಟ್ಟಳು.

ಮರುದಿನ ಹೊರಡುವ ಮೊದಲು, "ಆ ರಟ್ಟು ಐತೇನು?" ಎಂದು ಕೇಳಿದಳು. ಅಂಗಡಿಗೆ ಹೋಗಿ ಹಲಗೆಯ ಕೆಳಗಿಂದ ತೆಗೆದು ತಂದೆ. ಇಷ್ಟು ವರ್ಷ ಅದನ್ನು ಯಾಕೆ ಎಸೆಯಲಿಲ್ಲ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಅವಳು ಹಿಂದೆ ಮುಂದೆ ತಿರುವಿ ನೋಡಿದಳು. ಒಳಮೈ ಖಾಲಿ. ಸೆರಗಿನಿಂದ ಧೂಳು ಒರೆಸಿ ಚೀಲದಲ್ಲಿ ಹಾಕಿಕೊಂಡಳು. ಕಪಾಟಿನಿಂದ ನಾನು ಕೊಂಡ ಪುಸ್ತಕವನ್ನು ತೆಗೆದು ನನ್ನ ಮುಂದೆ ಇಟ್ಟಳು.

"ಇದು ನಿನ್ನ ಹತ್ರ ಇರಲಿ."

"ನನಗ ಓದಾಕ ಬರಂಗಿಲ್ಲ ಅಲ್ಲ?"

"ಗೊತ್ತೈತಿ," ಎಂದಳು.

ಬಸ್ ನಿಲ್ದಾಣದವರೆಗೂ ಸೊಸೆ ನನ್ನ ಕೈ ಹಿಡಿದಿದ್ದಳು. ನಡುಮನೆಯಲ್ಲಿ ಆದ ಮಾತನ್ನೆಲ್ಲ ಆ ಕೂಸು ಕೇಳಿಸಿಕೊಂಡಿತ್ತು.

"ಮಾಮಾ, ಪೆನ್ಸಿಲ್‌ಲೇ ಬರದಾಕಿ ಹೂಂ ಅಂದಳೋ, ಒಲ್ಲೆ ಅಂದಳೋ?"

"ಗೊತ್ತಿಲ್ಲವಾ."

"ಗೊತ್ತಿಲ್ಲ ಅಂದರ ಹೆಂಗ? ನೀನ ಹರದಿ ಅಲ್ಲ?"

ತಂಗಿ ಮುಂದೆ ನಡೆಯುತ್ತಿದ್ದಳು. ಅವಳಿಗೆ ಕೇಳಿಸಿತು. ತಿರುಗಿ ನೋಡಲಿಲ್ಲ, ಮಗಳಿಗೆ ಸುಮ್ಮನಿರು ಎಂದೂ ಹೇಳಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಕೇಳಲು ನಡಿಗೆಯನ್ನು ಮಾತ್ರ ಸ್ವಲ್ಪ ನಿಧಾನ ಮಾಡಿದಳು.

"ಹೌದು," ಎಂದೆ ಸೊಸೆಗೆ. "ನಾನ ಹರದೆ. ನೋಡದ ಹರದೆ."